ಸೇರಿಗೆ ಎಂಟು ಅದ್ಪಾವು

ಸಿಕಂದರಾಬಾದಿನ ಬಳಿಯ ಕುಷಾಯಿಗೂಡದ ಅಂಬಣ್ಣನವರ ಮನೆಯ ಇಂಟರ್ನೆಟ್ಟು ಎಷ್ಟು ಜೋರು ಅಂದರೆ, ಅಲ್ಲಿಂದ ಬಿಟ್ಟ ಹಾಡು ಬೀದರ ತಲುಪಿ, ಅಲ್ಲಿಯ ಜನ ಅದನ್ನು ಕೇಳಿ, ಚಪ್ಪಾಳೆ ಹೊಡೆದು, ಚಹಾ ಕುಡಿದು ಮನೆಗೆ ಹೋದ ಮೇಲೂ ಇಲ್ಲಿ ಹಾಡುವವರು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತ ಕೂತಿದ್ದರು. ನಂಬದವರು ಬಂದು ಗೋಡೆ ನೋಡಬಹುದು. ವೇಗದ ಕಾವಿಗೆ, ತಂತಿ ಹಾದುಹೋದಷ್ಟು ಉದ್ದಕ್ಕೂ ಸುಣ್ಣ ಉದುರಿಬಿದ್ದಿದೆ.

ಅಂಬಣ್ಣನವರು ಸಾಮಾನ್ಯರಲ್ಲ. ಭಾಲ್ಕಿ ತಾಲ್ಲೂಕಿನಿಂದ ಬಂದು ಅಬಿಡ್ಸಿನ ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಬಟ್ಟೆ ಅಳೆಯುತ್ತಿರುವವರು. ಗಜವನ್ನು ಮೀಟರಿಗೆ, ತೊಲೆಯನ್ನು ಗ್ರಾಮಿಗೆ, ಗುಂಟೆಯನ್ನು ಗಜಕ್ಕೆ ಇಳಿಸುವುದರಲ್ಲಿ ನಿಜಾಮರ ಕಾಲದಿಂದ ಈವರೆಗೆ ಅವರ ಸಮ ಹುಟ್ಟಿಲ್ಲ. ರವಿವಾರ ಬೆಳಿಗ್ಗೆ ಅವರ ಮನೆಯ ಕಟ್ಟೆ ಎಂದರೆ ಒಂದು ನ್ಯಾಯಾಲಯ. ಬೀದರ, ಕಲಬುರಗಿ ಕಡೆಯವರೆಲ್ಲ ಅಳತೆಯ ಗೊಂದಲ ಹೊತ್ತು ಅಲ್ಲಿಗೇ ಬರುತ್ತಿದ್ದರು.

"ಅಣ್ಣಾರ, ಘಟಕೇಸರದಾಗ ಇನ್ನೂರು ಗಜ ಜಾಗಾ ನೋಡೀನ್ರಿ. ನಮ್ಮೂರ ಲೆಕ್ಕದಾಗ ಎಷ್ಟು ಗುಂಟಿ ಆತ್ರಿ?" ಎಂದು ಗಾರೆ ಮೇಸ್ತ್ರಿ ಭೀಮಾಶಂಕರ ಒಮ್ಮೆ ಕೇಳಿದ.

ಅಂಬಣ್ಣನವರು ಒಂದು ಕಣ್ಣು ಮುಚ್ಚಿದರು. "ಒಂದೂವರಿ ಗುಂಟಿ, ಮ್ಯಾಲ ಹದಿನೆಂಟೂವರಿ ಗಜ. ಹೋಗು."

ಎರಡೂ ಕಣ್ಣು ಮುಚ್ಚುವುದು ಎಕರೆ ಲೆಕ್ಕಕ್ಕೆ ಮಾತ್ರ. "ನನಗೆ ಗೊತ್ತಿಲ್ಲ" ಎಂಬ ಎರಡು ಶಬ್ದಗಳನ್ನು ಆ ಬಾಯಿ ಅಂದಿನವರೆಗೆ ಉಚ್ಚರಿಸಿದ್ದಿಲ್ಲ.

ಇಂಥ ಮನೆಯಲ್ಲಿ ಅವರ ಹೆಂಡತಿ ಬಸಲಿಂಗಮ್ಮ ಒಂದು ಕೆಲಸಕ್ಕೆ ಕೈ ಹಾಕಿದ್ದರು. ಬೀದರಿನ ಒಂದು ಮಹಿಳಾ ಸಂಘದವರು ಬೀಸುವ ಪದಗಳ ಸ್ಪರ್ಧೆ ಇಟ್ಟಿದ್ದರು. ಹಾಡಿನ ವಿಡಿಯೋ ರವಿವಾರ ಸಂಜೆ ಐದರೊಳಗೆ ಇಂಟರ್ನೆಟ್ಟಿನ ಮೂಲಕ ಅವರಿಗೆ ತಲುಪಬೇಕು. ಐದರ ಮೇಲೆ ಒಂದು ನಿಮಿಷವಾದರೂ ಸೇರಿಸಿಕೊಳ್ಳುವುದಿಲ್ಲ. ಮೊದಲ ಮೂರು ತಂಡಗಳಿಗೆ ಬೀದರಿನ ವೇದಿಕೆಯ ಮೇಲೆ ಹಾಡುವ ಅವಕಾಶ. ಬಸಲಿಂಗಮ್ಮ ಓಣಿಯ ಆರು ಹೆಂಗಸರನ್ನು ಕೂಡಿಸಿ, ಅತ್ತೆ ಗದಿಗೆಮ್ಮನವರನ್ನು ಮುಂದೆ ಕೂಡಿಸಿ, ಭಾಲ್ಕಿಯಿಂದ ತಂದಿದ್ದ ಬೀಸುಕಲ್ಲನ್ನು ಮಂಚದ ಕೆಳಗಿನಿಂದ ಹೊರಗೆಳೆದು, ಮೂರು ತಿಂಗಳು ತಾಲೀಮು ಮಾಡಿಸಿದ್ದರು.

ಗದಿಗೆಮ್ಮನವರಿಗೆ ಎಪ್ಪತ್ತೆಂಟು. ಅವರ ಆಸೆ ಒಂದೇ. "ನಮ್ಮ ಸೀಮಿ ಮಂದಿ ಮುಂದ, ಮೈಕ್ ಹಚ್ಚಿ, ಒಮ್ಮಿ ಹಾಡಬೇಕು. ನನ್ನ ತಂಗಿ ಕೋಕಿಲಾ ಮುಂದಿನ ಸಾಲಿನಾಗ ಕುಂದರಬೇಕು. ಸಣ್ಣಾಕಿ ಇದ್ದಾಗಿಂದ ನನ್ನ ದನಿ ಒಡಕು ಅನ್ಕೋತ ಬಂದಾಳ ಅಕಿ."

ವಿಡಿಯೋ ತೆಗೆದವನು ಬಸಲಿಂಗಮ್ಮನ ತಮ್ಮ ಮಲ್ಲು. ಸಿಕಂದರಾಬಾದಿನಲ್ಲಿ ಮದುವೆಗಳ ವಿಡಿಯೋ ತೆಗೆಯುವ ಅವನು ಹಾಡನ್ನು ಚೆನ್ನಾಗಿಯೇ ತೆಗೆದ. ಹಾಡಿನ ಮೊದಲು ಪೀಠಿಕೆಯಾಗಿ ಅಂಬಣ್ಣನವರು ನಾಲ್ಕು ಮಾತು ಆಡಿದರು. ನಾಲ್ಕೇ ಮಾತು.

ಶನಿವಾರ ಸಂಜೆ ಮಲ್ಲು ತನ್ನ ಕಂಪ್ಯೂಟರನ್ನು ಬಗಲಲ್ಲಿಟ್ಟುಕೊಂಡು ಬಂದ.

"ಮಾವಾ, ಫೈಲು ಭಾಳ ದೊಡ್ಡದಾಗೈತ್ರಿ. ಒಂಬತ್ತು ಸಾವಿರದ ಆರ್ನೂರು ಎಂಬಿ. ಈಗs ಹಚ್ಚಿಬಿಡೂಣ್ರಿ, ಯಾವಾಗರೆ ಹೋಗಲಿ."

ಅಂಬಣ್ಣನವರು ನಕ್ಕರು. ಹಿಂದಿನ ವಾರವಷ್ಟೇ ಕೇಬಲ್ಲಿನ ಹುಡುಗ ರಾಹುಲ ಬಂದು ಮನೆಗೆ ಹೊಸ ಕನೆಕ್ಷನ್ ಕೊಟ್ಟುಹೋಗಿದ್ದ. "ಸೋಲಾ ಕಾ ಹೈ ಅಂಕಲ್. ಆನೇ ಕೋ ಭೀ ಸೋಲಾ, ಜಾನೇ ಕೋ ಭೀ ಸೋಲಾ" ಎಂದು ಹೇಳಿದ್ದ. ಬರಲಿಕ್ಕೂ ಹೋಗಲಿಕ್ಕೂ ಸೆಕೆಂಡಿಗೆ ಹದಿನಾರು.

"ಒಂಬತ್ತು ಸಾವಿರದ ಆರ್ನೂರು ಭಾಗಲೆ ಹದಿನಾರು," ಎಂದು ಒಂದು ಕಣ್ಣು ಮುಚ್ಚಿದರು. "ಆರ್ನೂರು ಸೆಕೆಂಡು. ಅಂದ್ರ ಹತ್ತು ನಿಮಿಷ. ಹತ್ತು ನಿಮಿಷದ ಕೆಲಸಕ್ಕ ಇಷ್ಟ್ಯಾಕ ಹೆದರತೀಯೋ?"

"ರೀ, ಅಂವಾ ಹೇಳಿದಂಗ ಈಗs ಕಳಸ್ರಿ," ಎಂದರು ಬಸಲಿಂಗಮ್ಮ. "ಮೂರು ತಿಂಗಳ ದುಡಿಮಿ ಐತಿ ಅದರಾಗ."

"ಅದಕ್ಕs ನಾಕು ಮಂದಿ ಎದುರಿಗೆ ಕಳಸಬೇಕು. ಮದುಮಗಳನ್ನ ಯಾರರೆ ಹಿತ್ತಲ ಬಾಗಿಲಿಂದ ಕಳಸ್ತಾರೇನು?"

ಹೀಗೆಂದವರೇ ಅಂಗಿ ಹಾಕಿಕೊಂಡು ಹೊರಟು, ರವಿವಾರ ಸಂಜೆ ನಾಲ್ಕಕ್ಕೆ ಕಳಿಸುವ ಸಮಾರಂಭವೆಂದು ಕಾಲೋನಿಗೆಲ್ಲ ಹೇಳಿಬಂದರು.

ರವಿವಾರ ಬೆಳಿಗ್ಗೆ ಮೇಲಿನ ಮನೆಯ ಪ್ರಿಯಂವದಾ ಇಳಿದು ಬಂದರು. ಶಾಲೆಯಲ್ಲಿ ಗಣಿತ ಕಲಿಸುವವರು, ಹುಮನಾಬಾದ ಕಡೆಯವರು. ಹತ್ತು ನಿಮಿಷದ ಸುದ್ದಿ ಅವರ ಕಿವಿಗೂ ಬಿದ್ದಿತ್ತು.

"ಅಣ್ಣಾರ, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಕನೆಕ್ಷನ್ನಿನ ಹದಿನಾರು ಐತಲ್ಲ, ಅದು ಬಿಟ್ ಲೆಕ್ಕದ್ದು. ಫೈಲು ಬೈಟ್ ಲೆಕ್ಕದ್ದು. ಎಂಟು ಬಿಟ್ ಕೂಡಿದ್ರ ಒಂದು ಬೈಟ್ ಆಗ್ತೈತಿ. ಅದಕ್ಕ ನಿಮ್ಮ ಹದಿನಾರನ್ನ ಎಂಟರಿಂದ..."

ಏನು ಹೇಳುವುದು! ಸರಿಯಾಗಿ ಅದೇ ಗಳಿಗೆಗೆ ಅಡುಗೆಮನೆಯ ಕುಕ್ಕರು ಸೀಟಿ ಹೊಡೆಯಿತು. ಒಂದಲ್ಲ, ಏಳು. ಅದನ್ನು ಕೇಳಿ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ರೈಲುಗಳು ಹೊರಟುಬಿಟ್ಟವಂತೆ. ಪ್ರಿಯಂವದಾ ಬಾಯಾರ ಮುಂದಿನ ಮಾತು ಆ ಸೀಟಿಯೊಳಗೆ ಪೂರಾ ಮುಳುಗಿಹೋಯಿತು. ಅಂಬಣ್ಣನವರಿಗೆ ಒಂದಕ್ಷರವೂ ಕೇಳಿಸಲಿಲ್ಲ. ಯಾರೂ ಅವರನ್ನು ದೂರುವಂತಿಲ್ಲ.

"ಗೊತ್ರಿ ಬಾಯಾರ," ಎಂದು ಅವರು ಕೈ ಎತ್ತಿದರು. "ಎಂಟರಿಂದ ಗುಣಸಬೇಕು. ಹದಿನಾರೆಂಟಲೆ ನೂರಾ ಇಪ್ಪತ್ತೆಂಟು. ಅಂದ್ರ ಹತ್ತು ನಿಮಿಷ ಸೈತ ಬ್ಯಾಡ!" ಈ ಸಲ ಎರಡೂ ಕಣ್ಣು ಮುಚ್ಚಿದರು. "ಎಪ್ಪತ್ತೈದು ಸೆಕೆಂಡು. ಒಂದೂಕಾಲು ನಿಮಿಷ!"

"ಅಣ್ಣಾರ, ನಾ ಹೇಳಿದ್ದು ಹಂಗಲ್ಲ..."

"ಭಾಳ ಉಪಕಾರ ಆತ್ರಿ. ಸಂಜಿ ಚಹಾಕ್ಕ ಬರ್ರಿ."

ಪ್ರಿಯಂವದಾ ಮೆಟ್ಟಿಲ ಮೇಲೆ ಎರಡು ಸಲ ನಿಂತು, ಎರಡು ಸಲ ತಿರುಗಿ ನೋಡಿ, ಮೇಲೆ ಹೋದರು.

ಮಧ್ಯಾಹ್ನ ಗದಿಗೆಮ್ಮನವರು ಪಂಚಾಂಗ ತೆಗೆದರು. "ಅಂಬ್ಯಾ, ಇವತ್ತು ರವಿವಾರ. ನಾಕೂವರಿಂದ ಆರರ ತನಕ ರಾಹುಕಾಲ. ನನ್ನ ದನಿ ರಾಹುಕಾಲದಾಗ ಹೊಸ್ತಿಲಾ ದಾಟಬಾರದು ನೋಡು."

"ಅವ್ವಾ, ನಾಕು ಇಪ್ಪತ್ತೆಂಟಕ್ಕ ಬಿಡ್ತೀನಿ. ನಾಕು ಇಪ್ಪತ್ತೊಂಬತ್ತೂಕಾಲಿಗೆ ಬೀದರದಾಗ. ರಾಹು ಎದ್ದು ಕಣ್ಣು ತಿಕ್ಕೊಳ್ಳೂದ್ರಾಗ ಮುಗದಿರ್ತೈತಿ."

"ಮೂರಕ್ಕs ಬಿಟ್ರ ಏನಾಗ್ತೈತ್ರಿ?" ಎಂದು ಬಸಲಿಂಗಮ್ಮ ಕೇಳಿದರು.

"ಮೂರಕ್ಕ ಯಾರು ಬಂದಿರ್ತಾರ?" ಎಂದರು ಅಂಬಣ್ಣನವರು.

ನಾಲ್ಕಕ್ಕೆ ಜನ ಸೇರಿತು. ಎಂಟುನೂರು ಮಂದಿ, ಚಾವಣಿಯ ಮೇಲೆ ಕೂತವರನ್ನು ಎಣಿಸಿಲ್ಲ. ಹಾಡುವ ಹೆಂಗಸರು ಇಳಕಲ್ ಸೀರೆ ಉಟ್ಟು ಸಾಲಾಗಿ ಕೂತರು. ಪಕ್ಕದ ಮನೆಯ ಯಾದಗಿರಿ, ದೊಡ್ಡ ಕಾರ್ಖಾನೆಯಿಂದ ನಿವೃತ್ತರಾದವರು, ಕೈಯಲ್ಲಿ ಓಟದ ಪಂದ್ಯದ ಗಡಿಯಾರ ಹಿಡಿದು ಬಂದರು.

"ಏಮಂಡೀ ಅಂಬಣ್ಣ ಗಾರು, ರಾಕೆಟ್ಟಾ ಇದಿ?"

"ರಾಕೆಟ್ಟು ಹಿಂದs ಉಳೀತೈತ್ರಿ," ಎಂದು ಅಂಬಣ್ಣನವರು ಹೇಳಿ, ಅಳತೆಗಳ ಚರಿತ್ರೆ ಕುರಿತು ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ನಾಲ್ಕು ಇಪ್ಪತ್ತೆಂಟು ಹೊಡೆಯುತ್ತಲೇ ಗುಂಡಿ ಒತ್ತಿದರು.

ಯಾದಗಿರಿ ಗಡಿಯಾರ ಅದುಮಿದರು. ಜನ ಒಂದೇ ದನಿಯಲ್ಲಿ ಎಣಿಸಿತು. ಅರವತ್ತು, ಎಪ್ಪತ್ತು, ಎಪ್ಪತ್ತೈದು! ಚಪ್ಪಾಳೆ. ಒಬ್ಬರು ಹಾರ ಹಾಕಿದರು. ಬಸಲಿಂಗಮ್ಮ ಮಾತ್ರ ತಮ್ಮನ ಮುಖ ನೋಡುತ್ತಿದ್ದರು.

"ಮಾವಾ," ಎಂದ ಮಲ್ಲು, "ನೂರಾ ಐವತ್ತು ಎಂಬಿ ಹೋಗೈತ್ರಿ."

"ಉಳಿದದ್ದು?"

"ಉಳಿದದ್ದು ಇಲ್ಲೇ ಐತಿ. ಇನ್ನ ಒಂದು ತಾಸು ಹದಿನೆಂಟು ನಿಮಿಷ ಬೇಕು ಅಂತ ತೋರಸಾಕತ್ತೈತ್ರಿ."

ಹಾರ ಹಾಕಿದವರು ಅದನ್ನು ವಾಪಸ್ಸು ತೆಗೆದುಕೊಳ್ಳಬೇಕೋ ಬಿಡಬೇಕೋ ತಿಳಿಯದೆ ಅಲ್ಲೇ ನಿಂತರು. ಗಡಿಯಾರ ನಾಲ್ಕೂವರೆ ಹೊಡೆಯಿತು.

"ರಾಹುಕಾಲ ಬಂತು," ಎಂದರು ಗದಿಗೆಮ್ಮ. "ನನ್ನ ದನಿ ಈಗ ಎಲ್ಲೈತಿ?"

ಇಂಥ ಪ್ರಶ್ನೆ ಕೇಳಿದರೆ ಅಂಬಣ್ಣನವರು ಲೆಕ್ಕ ಮಾಡದೆ ಇರಲಾರರು. ಅದು ಅವರ ರಕ್ತದಲ್ಲೇ ಇಲ್ಲ. ಕಣ್ಣು ತಾನಾಗಿ ಮುಚ್ಚಿಕೊಂಡಿತು. "ಬೀದರ ನೂರಾ ನಲವತ್ತು ಕಿಲೋಮೀಟರು. ಒಂಬತ್ತು ಸಾವಿರದ ಆರ್ನೂರರಾಗ ನೂರಾ ಐವತ್ತು. ಅಂದ್ರ... ಎರಡು ಕಿಲೋಮೀಟರು ಹೋಗೈತಿ ಅವ್ವಾ."

"ಚೌರಸ್ತಾ ಕೂಡಾ ದಾಟಲೇದು," ಎಂದರು ಯಾದಗಿರಿ, ತುಂಬ ವಿಷಾದದಿಂದ.

ಈಗ ಕಾಲೋನಿಯಲ್ಲಿ ಚರ್ಚೆ ಎದ್ದಿತು. ರಾಹುಕಾಲಕ್ಕೆ ಮೊದಲು ಹೊರಟು ದಾರಿಯಲ್ಲಿದ್ದರೆ ದೋಷವಿಲ್ಲ ಎಂದರು ಕೆಲವರು. ಒಂದು ಕಾಲು ಹೊಸ್ತಿಲ ಒಳಗಿದ್ದರೆ ಹೊರಟಂತೆ ಆಗಲಿಲ್ಲ ಎಂದರು ಹಾಡುವವರಲ್ಲಿ ಹಿರಿಯರಾದ ಕೃಷ್ಣಾಬಾಯಿ. ತಂತಿಗೆ ಹೊಸ್ತಿಲೇ ಇಲ್ಲ, ಅದು ಕಿಟಕಿಯಿಂದ ಹೋಗುತ್ತದೆ ಎಂದ ಭೀಮಾಶಂಕರ.

ಅಂಬಣ್ಣನವರು ರಾಹುಲನಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳಲೆಂದು ಸ್ಪೀಕರು ಇಟ್ಟರು. ಆಮೇಲೆ ಅವರು ಜೀವಮಾನವೆಲ್ಲ ಪಶ್ಚಾತ್ತಾಪಪಟ್ಟದ್ದು ಆ ಸ್ಪೀಕರಿಗೇ.

"ಏನಪಾ, ಸೋಲಾ ಬೋಲ್ ಕೆ ದೋ ದೇರೈ ಕ್ಯಾ? ಹದಿನಾರಂತ ಹೇಳಿ ಎರಡು ಕೊಟ್ಟು, ಎಂಟರಾಗ ಏಳು ಪಾಲು ನುಂಗೀರಿ! ತೂಕ ಅಳತಿ ಇಲಾಖಿಗೆ ಹೋಗ್ತೀನಿ, ನಿನ್ನ ತಂತಿಗೆ ಮುದ್ರಿ ಒತ್ತಸ್ತೀನಿ!"

"ಅಂಕಲ್, ಸೋಲಾಚ್ ಜಾರಾ," ಎಂದ ರಾಹುಲ, ಏನನ್ನೋ ಅಗಿಯುತ್ತ. "ಸೋಲಾ ಕೋ ಆಠ್ ಸೆ ಭಾಗ್ ದೇವ್. ದೋಚ್ ಆತಾ. ಯೆ ತೋ ಸ್ಕೂಲ್ ಕೆ ಬಚ್ಚೇ ಕೋ ಭೀ ಮಾಲೂಮ್."

ಹದಿನಾರನ್ನು ಎಂಟರಿಂದ ಭಾಗಿಸಬೇಕು, ಅದು ಶಾಲೆಯ ಮಕ್ಕಳಿಗೂ ಗೊತ್ತು ಎಂಬುದು ಕಿವಿಗೆ ಬೀಳುತ್ತಲೇ ಎಂಟುನೂರು ಜನ ಒಟ್ಟಿಗೆ ಪ್ರಿಯಂವದಾ ಅವರ ಕಡೆ ತಿರುಗಿದರು. ಅವರು ಸೀರೆಯ ಸೆರಗನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು.

"ಬಾಯಾರ," ಎಂದರು ಗದಿಗೆಮ್ಮ, "ನೀವರೆ ನನಗ ತಿಳಿಯೂವಂಗ ಹೇಳ್ರಿ."

"ಆಯಿ, ಹಾದಿಯೊಳಗ ಹೋಗೂದನ್ನ ಬಿಟ್ಟಿನಾಗ ಎಣಸ್ತಾರ್ರಿ. ತುಂಬಿಟ್ಟಿದ್ದನ್ನ ಬೈಟಿನಾಗ. ಎಂಟು ಬಿಟ್ಟಿಗೆ ಒಂದು ಬೈಟು."

ಗದಿಗೆಮ್ಮ ಎದ್ದು ಅಡುಗೆಮನೆಗೆ ಹೋಗಿ, ಜೋಳದ ಡಬ್ಬಿಯಿಂದ ಎರಡು ಹಳೆಯ ಅಳತೆಪಾತ್ರೆಗಳನ್ನು ತಂದರು. ದೊಡ್ಡದು ಸೇರು. ಸಣ್ಣದು ಅದ್ಪಾವು, ಅಂದರೆ ಅರ್ಧ ಪಾವು, ಸೇರಿನ ಎಂಟನೆಯ ಒಂದು ಪಾಲು. ಎರಡನ್ನೂ ಕಂಪ್ಯೂಟರಿನ ಮುಂದೆ ಕುಕ್ಕಿದರು.

"ಸೇರಿಗೆ ಎಂಟು ಅದ್ಪಾವು. ಹೌದಲ್ರಿ ಬಾಯಾರ? ಚೀಲ ಸೇರಿನಾಗ ತುಂಬ್ಯಾರ. ಸುರಿಯೂದು ಅದ್ಪಾವಿನಾಗ. ಸೆಕೆಂಡಿಗೆ ಹದಿನಾರು ಅದ್ಪಾವು ಅಂದ್ರ ಎರಡು ಸೇರು."

"ಬರೋಬ್ಬರಿ ಆಯಿ!" ಎಂದು ಪ್ರಿಯಂವದಾ ಕೂಗಿಯೇಬಿಟ್ಟರು.

ಇದೇ ಮಾತು ಅಂಬಣ್ಣನವರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ತಾಯಿಗೆ ಎದುರಾಡಬಾರದೆಂಬ ಒಂದೇ ಕಾರಣಕ್ಕೆ ಸುಮ್ಮನಿದ್ದರು.

"ಈ ಅದ್ಪಾವು ಹಿಡಕೊಂಡs ನಿನ್ನ ಬೆಳಸೀನೋ ಅಂಬ್ಯಾ," ಎಂದರು ಗದಿಗೆಮ್ಮ. "ಇರಲಿ. ಈಗ ಎಷ್ಟಾತು?"

"ನಾಕು ನಲವತ್ತೊಂದ್ರಿ," ಎಂದರು ಬಸಲಿಂಗಮ್ಮ. ಅವರ ಕಣ್ಣಲ್ಲಿ ನೀರಿತ್ತು. "ಮೂರು ತಿಂಗಳು ಮಣ್ಣುಪಾಲಾತು ಅತ್ತಿ."

"ತಡಿ. ಎಂಟು ಸೇರಿನ ಚೀಲ ಹೋಗಂಗಿಲ್ಲಂದ್ರ ಒಂದು ಸೇರು ಹೋಗ್ತೈತಿಲ್ಲೋ? ಮಲ್ಲು, ನಾ ಹಾಡಿದ್ದು ನಾಕೈದು ನಿಮಿಷ. ಅಷ್ಟಕ್ಕ ಇಷ್ಟು ದೊಡ್ಡ ಚೀಲ ಹೆಂಗ ತುಂಬಿತೋ?"

ಮಲ್ಲು ತನ್ನ ಕಾಲಬೆರಳು ನೋಡಿಕೊಂಡ.

"ಹೇಳೋ ತಮ್ಮಾ," ಎಂದರು ಬಸಲಿಂಗಮ್ಮ.

"ಅಕ್ಕಾ, ವಿಡಿಯೋ ಒಟ್ಟು ನಲವತ್ತು ನಿಮಿಷ. ಹಾಡು ಐದು ನಿಮಿಷ."

"ಉಳಿದ ಮೂವತ್ತೈದು?"

"ಮಾವಾರ ನಾಕು ಮಾತು."

ಆ ಅಂಗಳದಲ್ಲಿ ಬಿದ್ದ ಮೌನ ಎಷ್ಟು ದಟ್ಟವಾಗಿತ್ತೆಂದರೆ, ಅದರಲ್ಲಿ ಒಂದು ಕಾಗೆ ಸಿಕ್ಕಿಹಾಕಿಕೊಂಡು ಕೆಳಗೆ ಬಿತ್ತು.

"ಅಂದ್ರ ಎಂಟರಾಗ ಏಳು ಪಾಲು ನುಂಗಿದವ್ರು ಕೇಬಲ್‌ನವ್ರಲ್ಲ," ಎಂದರು ಬಸಲಿಂಗಮ್ಮ, ನಿಧಾನವಾಗಿ.

"ಹಾಡಿನ ತುಂಡು ಬ್ಯಾರೇನs ಐತಕ್ಕಾ," ಎಂದ ಮಲ್ಲು. "ಒಂದು ಸಾವಿರದ ಎರಡ್ನೂರು ಎಂಬಿ."

ಎಲ್ಲರೂ ಅಂಬಣ್ಣನವರತ್ತ ನೋಡಿದರು. ಅವರು ಈ ಸಲ ಎರಡೂ ಕಣ್ಣು ತೆರೆದೇ ಲೆಕ್ಕ ಮಾಡಿದರು. "ಸೆಕೆಂಡಿಗೆ ಎರಡು. ಆರ್ನೂರು ಸೆಕೆಂಡು. ಹತ್ತು ನಿಮಿಷ." ಆಮೇಲೆ ಸಣ್ಣ ದನಿಯಲ್ಲಿ, "ಮೊದಲಿನ ನಮಸ್ಕಾರ ಒಂದರೆ ಇಡಬಹುದಲ್ಲ? ಅರ್ಧ ನಿಮಿಷ..."

"ಕೈ ಸೈತ ಮುಗಿಯಬ್ಯಾಡ್ರಿ," ಎಂದರು ಹೆಂಡತಿ.

"ಆದ್ರ ರಾಹುಕಾಲ?" ಎಂದು ಕೃಷ್ಣಾಬಾಯಿ ನೆನಪಿಸಿದರು.

ಎಲ್ಲರೂ ಗದಿಗೆಮ್ಮನವರ ಬಾಯಿ ನೋಡಿದರು. ಅವರು ಬೀಸುಕಲ್ಲಿನ ಮೇಲೆ ಕೈಯಿಟ್ಟು ಒಂದು ಕ್ಷಣ ವಿಚಾರ ಮಾಡಿದರು.

"ನಾವು ಹೊರಟದ್ದು ನಾಕು ಇಪ್ಪತ್ತೆಂಟಕ್ಕ. ಕಾಯಿ ಒಡದು, ಕುಂಕುಮ ಹಚ್ಚಿ ಹೊರಟೀವಿ. ಈಗ ಹೊರೆ ಭಾಳಾತಂತ ದಾರಿಯಾಗ ಅರ್ಧ ಸಾಮಾನು ಇಳಸಾಕತ್ತೀವಿ, ಅಷ್ಟ. ಒತ್ತೋ ಮಲ್ಲು."

ನಾಲ್ಕು ನಲವತ್ತಾರಕ್ಕೆ ಮಲ್ಲು ದೊಡ್ಡ ಫೈಲನ್ನು ನಿಲ್ಲಿಸಿ, ಹಾಡಿನ ತುಂಡಿಗೆ ಗುಂಡಿ ಒತ್ತಿದ. ಇಷ್ಟರಲ್ಲಿ ಪ್ರಿಯಂವದಾ ಒಂದು ವಿಷಯ ಗಮನಿಸಿದರು: ಬಂದವರಿಗೆಲ್ಲ ಅಂಬಣ್ಣನವರು ತಮ್ಮ ವೈಫೈ ಬಿಟ್ಟುಕೊಟ್ಟಿದ್ದರು, ವೇಗ ನೋಡಿ ಬೆರಗಾಗಲಿ ಎಂದು. ಬಸಲಿಂಗಮ್ಮ ಸ್ಟೀಲಿನ ಬಕೀಟು ಹಿಡಿದು ಸಾಲುಸಾಲಾಗಿ ನಡೆದರು. ಫೋನುಗಳು ಬಂದ್ ಆಗಿ ಬಕೀಟಿಗೆ ಬಿದ್ದವು. ಕೊನೆಯದು ಯಾದಗಿರಿಯವರದು, ಅದರಲ್ಲಿ ಕ್ರಿಕೆಟ್ಟು ನಡೆದಿತ್ತು. "ಒಕ್ಕ ಓವರ್ ಅಮ್ಮಾ," ಎಂದರು. ಬಸಲಿಂಗಮ್ಮ ಬಕೀಟನ್ನು ಇನ್ನಷ್ಟು ಹತ್ತಿರ ಹಿಡಿದರು.

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅಂಬಣ್ಣನವರು ಕೂಡ. ಕುಷಾಯಿಗೂಡದ ಇತಿಹಾಸದಲ್ಲಿ ಅದೇ ಮೊದಲು.

ನಾಲ್ಕು ಐವತ್ತಾರಕ್ಕೆ ಹಾಡು ಮುಟ್ಟಿತು. ಐವತ್ತೇಳಕ್ಕೆ ಬೀದರಿನಿಂದ ಉತ್ತರ ಬಂತು: ತಲುಪಿದೆ, ಧನ್ಯವಾದ. ಬಸಲಿಂಗಮ್ಮ ಅತ್ತೆಯ ಭುಜದ ಮೇಲೆ ಹಣೆಯಿಟ್ಟರು. ಮುಂದೆ ಆ ಹಾಡಿಗೆ ಮೊದಲ ಬಹುಮಾನ ಬಂದು, ಬೀದರ ಕೋಟೆಯ ಎದುರು ಲಕ್ಷ ಜನ ಸೇರಿ, ಅಂಬಣ್ಣನವರನ್ನು ಆನೆಯ ಮೇಲೆ ಕೂಡಿಸಿ...

"ನಿಲ್ಲಸ್ರಿ," ಎಂದಿತು, ಬರೆಯುತ್ತ ಕೂತಿದ್ದ ನನ್ನ ಬೆನ್ನ ಹಿಂದಿನಿಂದ ಒಂದು ದನಿ.

ಬಸಲಿಂಗಮ್ಮ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಓದುತ್ತಿದ್ದಳೋ.

"ಅಂಬಣ್ಣನವ್ರು, ಅಂಬಣ್ಣನವ್ರು ಅಂತ ಯಾರ ಬಗ್ಗೆ ಬರದೀರಿ ಇಷ್ಟು ಗೌರವದಿಂದ?"

"ಅದು... ಕಥಿ ಅಂದ್ರ ಹಂಗs ಬರಿಯೂದು," ಎಂದೆ.

"ಎಂಟುನೂರು ಮಂದಿ ಎಲ್ಲಿದ್ರು? ಇಪ್ಪತ್ತಾರು ಕಪ್ಪು ಚಹಾ ಮಾಡೀನಿ ನಾ. ಗ್ವಾಡಿ ಸುಣ್ಣ ಉದುರಿದ್ದು ಬಾಯಾರ ಮನಿ ನಳ ಸೋರಿ. ಬಂದದ್ದು ಮೂರನೇ ಬಹುಮಾನ. ಆನಿ ಎಲ್ಲಿತ್ರಿ?"

ಸರಿ, ಮೂರನೆಯದು. ಆದರೂ ಅವ್ವ ಬೀದರಿನ ವೇದಿಕೆಯ ಮೇಲೆ ಮೈಕಿನ ಮುಂದೆ ಕೂತು ಹಾಡಿದಳು, ಅದಂತೂ ಖರೆ. ಕೋಕಿಲಾ ಚಿಕ್ಕಮ್ಮ ಮೊದಲ ಸಾಲಿನಲ್ಲಿ ಕೂತು, "ದನಿ ಇನ್ನೂ ಒಡಕs ಐತಿ" ಎಂದು ಕಣ್ಣು ಒರೆಸಿಕೊಂಡದ್ದೂ ಖರೆ. ಬೇಕಾದರೆ ಮಲ್ಲುವಿನ ಹತ್ತಿರ ವಿಡಿಯೋ ಇದೆ.

ಇಷ್ಟಕ್ಕೆ ಬಿಟ್ಟಳು ಎಂದುಕೊಂಡೆ. ಅವಳು ಹಾಳೆಗಳನ್ನು ತಿರುವಿ ಒಂದು ಜಾಗದಲ್ಲಿ ಬೆರಳಿಟ್ಟಳು.

"ಇದೇನ್ರಿ? ಕುಕ್ಕರ್ ಏಳು ಸೀಟಿ? ಅವತ್ತಿಗೆ ಗ್ಯಾಸ್ ಸಿಲಿಂಡರ್ ಮುಗದು ಎರಡು ದಿವಸ ಆಗಿತ್ತು. ಯಾದಗಿರಿಯವ್ರ ಮನಿಯಿಂದ ಅನ್ನ ತರಸಿದ್ವಿ, ಸಂಜಿ ಚಹಾ ಸೈತ ಅವ್ರ ಒಲಿ ಮ್ಯಾಲs ಮಾಡೀನಿ."

ನಾನು ಚಹಾ ಕುಡಿದೆ. ಬಹಳ ಹೊತ್ತು ಕುಡಿದೆ. ಅವಳು ಬೆರಳು ತೆಗೆಯಲಿಲ್ಲ.

ಸೀಟಿ ಹೊಡೆದಿರಲಿಲ್ಲ. ಮನೆ ಸ್ತಬ್ಧವಾಗಿತ್ತು. "ಎಂಟರಿಂದ ಭಾಗಸ್ರಿ" ಎಂದು ಬಾಯಾರು ಅಂದದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಆದರೆ ಭಾಗಿಸಿದರೆ ಎರಡು ಬರುತ್ತಿತ್ತು. ಗುಣಿಸಿದರೆ ನೂರಾ ಇಪ್ಪತ್ತೆಂಟು. ಊರವರನ್ನೆಲ್ಲ ಆಗಲೇ ಕರೆದುಬಂದಿದ್ದೆ. ಎರಡನ್ನು ತೋರಿಸಲಿಕ್ಕೆ ಯಾರಾದರೂ ಇಪ್ಪತ್ತೈದು ಮಂದಿಯನ್ನು ಕರೆಯುತ್ತಾರೆಯೇ?

"ಇಪ್ಪತ್ತಾರು," ಎಂದಳು ಬಸಲಿಂಗಮ್ಮ.